ಕುರಿಗಾರ ಜಕ್ಕಪ್ಪನ ಕುತ್ತಿಗೆ

ಬದುಕಿರುವ ಹೆಂಗಸೊಬ್ಬಳನ್ನು ಮನಸ್ಸಿನಲ್ಲೇ ಸಾಯಿಸಿ, ಅವಳ ಗಂಡನಿಗೆ ಸಮಾಧಾನ ಹೇಳಿ, ಕೊನೆಗೆ ಅವಳೇ ತಂದ ರೊಟ್ಟಿ ತಿಂದು ಬಂದ ಕೀರ್ತಿ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಗುಮಾಸ್ತ ಸಿದರಾಯನದು. ಕಬ್ಬಿನ ಗಾಡಿಗಳನ್ನು ತೂಗುವ ಕಾಟಾದ ಮೇಲೆ ಅವನ ಕೆಲಸ. ಇದನ್ನು ಬರೆಯುತ್ತಿರುವವನೂ ಅವನೇ. ‘ನಾನು’ ಎಂದು ಒಪ್ಪಿಕೊಳ್ಳುವಷ್ಟು ಎದೆಗಾರಿಕೆ ಸಾಲದೆ ‘ಅವನು’ ಎನ್ನುತ್ತಿದ್ದಾನೆ, ಅಷ್ಟೇ.

ಎಂಬತ್ತೆಂಟನೇ ಇಸವಿ. ದೀಪಾವಳಿ ಮುಗಿದು ಕಬ್ಬಿನ ಹಂಗಾಮು ಏರುತ್ತಿತ್ತು. ಬಾಬಾಸಾಹೇಬ ಎಂಬ ರೈತರ ಮನೆಯಲ್ಲಿ ಸಿದರಾಯ ಖೋಲಿ ಹಿಡಿದಿದ್ದ. ಅವರ ಕಬ್ಬು ಕಡಿದ ಹೊಲದಲ್ಲಿ ತೆಲಸಂಗದ ಕುರಿಗಾರ ಜಕ್ಕಪ್ಪ ವರ್ಷವೂ ಬಂದು ತನ್ನ ಹಿಂಡನ್ನು ರಾತ್ರಿ ತರುಬುತ್ತಿದ್ದ. ಕುರಿ ಮಲಗಿದ ಹೊಲಕ್ಕೆ ಗೊಬ್ಬರ, ಕುರಿಗಾರನ ಒಲೆಗೆ ಜೋಳ. ಐವತ್ತರ ಆಸುಪಾಸಿನ, ಗಳದಂಥ ಉದ್ದನೆಯ ಆಳು. ತಲೆಯ ಮೇಲೆ ಸಣ್ಣ ಗುಡಿಸಲಿನಂಥ ಕೆಂಪು ರುಮಾಲು. ಆ ರುಮಾಲಿಲ್ಲದ ಜಕ್ಕಪ್ಪನನ್ನು ಯಾರೂ ನೋಡಿರಲಿಲ್ಲ, ನೋಡಲೂಬಾರದು. ಆ ಸೀಮೆಯಲ್ಲಿ ಹಿರಿಯ ಗಂಡಸು ಬರಿದಲೆಯಲ್ಲಿ ಕುಳಿತನೆಂದರೆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ದಿನಕರ್ಮ ಮುಗಿದು ಬೀಗರು ಹೊಸ ರುಮಾಲು ಸುತ್ತುವ ತನಕ ಅವನ ತಲೆ ಬರಿದು.

ಒಂದು ಸಂಜೆ ಪಾಳಿ ಮುಗಿಸಿ ಬರುವಾಗ ಸಿದರಾಯ ನೋಡುತ್ತಾನೆ, ಜಕ್ಕಪ್ಪ ಒಡ್ಡಿನ ಮೇಲೆ ಬರಿದಲೆಯಲ್ಲಿ ಕುಳಿತಿದ್ದಾನೆ. ಎರಡೂ ಕೈ ಕುತ್ತಿಗೆಯ ಹಿಂದೆ ಹೆಡಕಿನ ಮೇಲೆ, ಕಣ್ಣು ನೆಲದಲ್ಲಿ. ಯಾವಾಗಲೂ ಜೊತೆಗಿರುವ ಹೆಂಡತಿ ಮಲಕವ್ವ ಸುತ್ತ ಎಲ್ಲೂ ಇಲ್ಲ. ಗಂಡ ಬರಿದಲೆ, ಹೆಂಡತಿ ನಾಪತ್ತೆ. ಕಾಟಾದ ಗುಮಾಸ್ತನಿಗೆ ಲೆಕ್ಕ ಹಾಕಲು ಎಷ್ಟು ಹೊತ್ತು? ಹೋಗಿ ಪಕ್ಕದಲ್ಲಿ ಕುಳಿತು, ಅಪ್ಪನ ಪ್ರಾಯದವನ ಬೆನ್ನು ಸವರಿದ.

“ಧೈರ್ಯ ತಗೋರಿ ಕಾಕಾ. ಎಲ್ಲಾರೂ ಒಂದಿನ ಹೋಗೂದ ಐತಿ.”

ಜಕ್ಕಪ್ಪ ಬೆಚ್ಚಿಬಿದ್ದ. “ನಿನಗ ಯಾರ ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಆದರೆ ‘ಗೊತ್ತಿಲ್ಲ’ ಎಂಬ ಮಾತು ಗುಮಾಸ್ತರ ಬಾಯಲ್ಲಿ ಬರುವುದಿಲ್ಲ. “ಹೇಳೂದ್ಯಾಕ್ರಿ? ನೋಡಿದ್ರ ತಿಳೀತೈತಿ.”

“ಮಾರಿ ಮ್ಯಾಲ ಕಾಣಾಕತ್ತೈತೇನ?”

“ಕಾಣದ ಇರತೈತೇನ್ರಿ?”

ಜಕ್ಕಪ್ಪ ಎರಡೂ ಕೈಯಿಂದ ಮುಖ ಸವರಿಕೊಂಡ. ಅಷ್ಟರಲ್ಲಿ ಕಬ್ಬಿನ ಮರೆಯಿಂದ ತಲೆಯ ಮೇಲೆ ಬುತ್ತಿ ಹೊತ್ತು ಮಲಕವ್ವ ಬಂದಳು. ಸಿದರಾಯ ಎದ್ದು ಎರಡು ಹೆಜ್ಜೆ ಹಿಂದೆ ಹಾರಿದ.

“ಯಾಕೋ ತಮ್ಮಾ, ದೆವ್ವ ಕಂಡಾಂಗ ಮಾಡ್ತಿ? ಕುಂಡ್ರ, ರೊಟ್ಟಿ ತಿನ್ನ.”

ಬೇರೆ ದಾರಿ ಕಾಣದೆ ತಿಂದ. ತಿನ್ನುತ್ತಿರುವಾಗಲೇ ಗೊತ್ತಾಯಿತು, ತಾನು ಎಂಥ ಹುಣ್ಣಿಗೆ ಕೋಲು ಹಾಕಿದ್ದೇನೆಂದು.

ತಿಂಗಳಿಂದ ಜಕ್ಕಪ್ಪನಿಗೆ ಕುತ್ತಿಗೆ ನೋವು. ಹೆಡಕಿನಲ್ಲಿ ಹುಟ್ಟಿ, ಕಿವಿಯ ಹಿಂದೆ ಹತ್ತಿ, ನೆತ್ತಿಗೆ ಬಂದು ನಿಲ್ಲುತ್ತಿತ್ತು. ಭಾರವೆಂದು ರುಮಾಲು ಬಿಚ್ಚಿಟ್ಟಿದ್ದ. ನೋವನ್ನು ಹೇಗೋ ತಡೆದುಕೊಳ್ಳುತ್ತಿದ್ದ, ತಡೆದುಕೊಳ್ಳಲಾಗದ್ದು ಅಂಜಿಕೆ. ಕುರಿಗಳಿಗೆ ಒಂದು ರೋಗ ಬರುತ್ತದೆ. ಕುರಿಗಾರರು ಅದಕ್ಕೆ ತಿರುಗ ಬ್ಯಾನಿ ಎನ್ನುತ್ತಾರೆ. ಕುರಿ ಕುತ್ತಿಗೆಯನ್ನು ಒಂದು ಕಡೆ ವಾಲಿಸಿ ನಿಂತಲ್ಲೇ ಸುತ್ತುತ್ತದೆ. ಕೊಯ್ದು ನೋಡಿದರೆ ಮಿದುಳಿನಲ್ಲಿ ಲಿಂಬಿಕಾಯಿಯಷ್ಟು ನೀರಿನ ಗುಳ್ಳೆ. ಬಲ್ಲ ಕುರಿಗಾರ ಕೊಯ್ಯುವ ಮೊದಲೇ ಹೆಬ್ಬೆರಳಿನಿಂದ ತಲೆಬುರುಡೆ ಒತ್ತಿ ನೋಡುತ್ತಾನೆ. ಎಲುಬು ಎಲ್ಲಿಯಾದರೂ ಮೆತ್ತಗಾಗಿದ್ದರೆ ಮುಗಿಯಿತು. ತೆಲಸಂಗದ ಸುತ್ತಿನಲ್ಲಿ ಜಕ್ಕಪ್ಪನಷ್ಟು ಖಾತ್ರಿಯ ಹೆಬ್ಬೆರಳು ಇನ್ನೊಂದಿರಲಿಲ್ಲ. ಈಗ ಅದೇ ಹೆಬ್ಬೆರಳು ತನ್ನ ತಲೆಯ ಮೇಲೆ ತಿರುಗಿತ್ತು.

“ದಿನಾ ಮುಂಜಾನೆ ಒಡ್ಡಿನ ಮ್ಯಾಲ ನೆಟ್ಟಗ ನಡದ ನೋಡ್ತಾನ, ಸುತ್ತ ತಿರಗತೇನೇನೋ ಅಂತ,” ಎಂದಳು ಮಲಕವ್ವ. “ಆಮ್ಯಾಲ ನನ್ನ ಕೂಡ್ರಿಸಿ, ಒತ್ತ ನನ್ನ ತಲಿ, ಎಲ್ಲಿ ಮೆತ್ತಗೈತಿ ನೋಡ ಅಂತಾನ. ಮೂವತ್ತ ವರ್ಷ ಆತ ಬಾಳೇವ ಮಾಡಾಕತ್ತ. ಈ ತಲ್ಯಾಗ ಮೆತ್ತನ್ನ ಜಾಗಾ ನನಗಂತೂ ಸಿಕ್ಕಿಲ್ಲ.”

ಜಕ್ಕಪ್ಪ ನಗಲಿಲ್ಲ. “ಎಷ್ಟ ಕುರೀಗಿ ಹೆಬ್ಬಟ್ಟ ಒತ್ತಿ ‘ಇದು ಉಳ್ಯಾಂಗಿಲ್ಲ’ ಅಂದೇನಿ ನಾ. ಒಂದೂ ಸುಳ್ಳಾಗಿಲ್ಲ,” ಎಂದ.

ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಕಾಗವಾಡದ ಕಡೆ ಇದ್ದ ಮಲಕವ್ವನ ತಮ್ಮ ಮಲಕಾರಿಗೆ ಜಕ್ಕಪ್ಪ ಆಗಲೇ ಹೇಳಿ ಕಳಿಸಿದ್ದ: ಮುಂದಿನ ಬುಧವಾರ ಬಂದು ಹಿಂಡು ಹೊಡಕೊಂಡು ಹೋಗು, ನಾನು ಉಳಿಯುವವನಲ್ಲ, ಹೆಂಗಸೊಬ್ಬಳು ಕುರಿ ಕಟ್ಟಿಕೊಂಡು ಊರೂರು ಅಲೆಯಲಾರಳು. ಮಲಕಾರಿ ಕುರಿ ಕಾಯುವವನಲ್ಲ, ಮಾರುವವನು. ಎಂಟೇ ದಿನದಲ್ಲಿ ಅರವತ್ತು ಕುರಿ ಸಂತೆಗೆ ಹೋಗುತ್ತವೆ, ತಾನು ತೆಲಸಂಗದಲ್ಲಿ ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋಗಬೇಕಾಗುತ್ತದೆ ಎಂಬುದು ಮಲಕವ್ವನಿಗೆ ಗೊತ್ತಿತ್ತು.

‘ಮುಖದ ಮೇಲೆ ಕಾಣುತ್ತದೆ’ ಎಂದು ಹೇಳಿ ಬಂದ ಪಾಪ ಸಿದರಾಯನನ್ನು ಕಡಿಯತೊಡಗಿತು. ರವಿವಾರದ ರಜೆಯ ಮೇಲೆ ಸೋಮವಾರದ ರಜೆ ಹಾಕಿ ಜಕ್ಕಪ್ಪನನ್ನು ರೈಲಿನಲ್ಲಿ ಮೀರಜಿನ ದವಾಖಾನೆಗೆ ಕರೆದುಕೊಂಡು ಹೋದ.

ಅಲ್ಲಿಯ ಡಾಕ್ಟರರು ವಯಸ್ಸಾದವರು, ಮರಾಠಿಯವರು. ಎಕ್ಸ್‌ರೇ ತೆಗೆಸಿದರು, ಕಣ್ಣಿಗೆ ದೀಪ ಬಿಟ್ಟರು, ಮೊಣಕಾಲಿಗೆ ಸುತ್ತಿಗೆ ಬಡಿದರು. ಏನು ಕೆಲಸ ಮಾಡುತ್ತೀ ಎಂದು ಕೇಳಿದರು.

“ಕೆಲಸ ಏನೂ ಇಲ್ರಿ, ಕುರಿ ಕಾಯ್ತೇನಿ,” ಎಂದ ಜಕ್ಕಪ್ಪ.

ಡಾಕ್ಟರರು ನಕ್ಕು ಬೆನ್ನು ತಟ್ಟಿದರು. “ಕಾಹೀ ನಾಹೀ ಝಾಲಂ. ಕಾಯ್ ಪಾಹಿಜೇ ತೇ ಖಾ.” ಏನೂ ಆಗಿಲ್ಲ, ಬೇಕಾದ್ದು ತಿನ್ನು.

ಅಲ್ಲೇ ಕೆಟ್ಟಿತು. ರೋಗಿಗೆ ದೊಡ್ಡ ರೋಗದ ಹೆಸರು ಹೇಳಬಾರದು, ಜೊತೆಗೆ ಬಂದವನಿಗೆ ಹೇಳಬೇಕು. ಇದು ಮೀರಜಿಗೆ ಹೋಗಿ ಬಂದ ಎಲ್ಲ ಊರಿನವರಿಗೂ ಗೊತ್ತಿರುವ ರಿವಾಜು. ‘ಬೇಕಾದ್ದು ತಿನ್ನು’ ಎಂದು ಡಾಕ್ಟರರು ಯಾರಿಗೆ ಹೇಳುತ್ತಾರೆ ಎಂಬುದೂ ಗೊತ್ತು. ಪಥ್ಯ ಹೇಳಿದರೆ ಆಸೆ ಇದೆ ಎಂದರ್ಥ.

ಜಕ್ಕಪ್ಪ ಹೊರಗೆ ಬಂದ. ಸಿದರಾಯ ಬರಲಿಲ್ಲ. ಯಾಕೆಂದರೆ ಈ ಮಹಾರಾಯನಿಗೆ ಪೇಪರಿನಲ್ಲಿ ಆರೋಗ್ಯದ ಅಂಕಣ ಓದುವ ಚಟ. ಓದಿದ ರೋಗವೆಲ್ಲ ಸಂಜೆಯೊಳಗೆ ಮೈಗೆ ಬರುತ್ತಿತ್ತು. ಎಂಟು ದಿನ ಜಕ್ಕಪ್ಪನ ನೋವಿನ ವರ್ಣನೆ ಕೇಳಿ ಅವನ ಕುತ್ತಿಗೆಯೂ ಹಿಡಿದುಕೊಂಡಿತ್ತು. ಪರದೆ ಸರಿಸಿ ಮೆಲ್ಲಗೆ, “ಡಾಕ್ಟರ್, ನಂದೂ ಒಂಚೂರ ನೋಡ್ತೀರೇನ್ರಿ?” ಎಂದ. ಡಾಕ್ಟರರು ಅವನ ಕುತ್ತಿಗೆಯನ್ನು ಅತ್ತ ಇತ್ತ ತಿರುಗಿಸಿ, ಹೆಡಕು ಒತ್ತಿ, ಇವನೂ ಒಬ್ಬ ಬಂದನಲ್ಲಪ್ಪಾ ಎಂಬಂತೆ ತಲೆ ಅಲ್ಲಾಡಿಸಿದರು.

ಪರದೆ ಪೂರ್ತಿ ಮುಚ್ಚಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತ ಜಕ್ಕಪ್ಪ ಎಲ್ಲವನ್ನೂ ನೋಡಿದ.

ರೈಲು ಶೇಡಬಾಳ ದಾಟಿತು. ಜಕ್ಕಪ್ಪ ಕೇಳಿದ: “ಡಾಕ್ಟರ ನಿನ್ನ ಕುತ್ತಿಗ್ಯಾಗ ಏನ ತೋರಿಸಿದ?”

“ಏನೂ ಇಲ್ರಿ. ಸುಮ್ಮ ಮಾತಾಡಿದ್ವಿ.”

“ತಲಿ ಅಳ್ಳಾಡಿಸಿದನಲ್ಲ?”

“ಅದು ಬ್ಯಾರೆ ವಿಷಯರಿ.”

ಇಪ್ಪತ್ನಾಲ್ಕು ವರ್ಷದ ಗಟ್ಟಿಮುಟ್ಟಾದ ಆಳು, ದಿನವೂ ಕುರ್ಚಿಯಲ್ಲಿ ಕೂರುವವನು, ನನ್ನ ಕುತ್ತಿಗೆ ತೋರಿಸಿಕೊಂಡೆ ಎಂದು ಬಿಸಿಲಲ್ಲಿ ಸವೆದ ಮನುಷ್ಯನ ಮುಂದೆ ಹೇಗೆ ಹೇಳುವುದು? ನಾಚಿಕೆಯಾಯಿತು. ಜಕ್ಕಪ್ಪ ಕಿಟಕಿಯ ಕಡೆ ತಿರುಗಿದ. “ಆತ ಬಿಡ. ಮಕ್ಕಳಂಥಾಂವ, ನಿನ್ನ ಬಾಯಿಂದ ಹ್ಯಾಂಗ ಬರಬೇಕ,” ಎಂದ.

ಮಂಗಳವಾರ ಜಕ್ಕಪ್ಪ ಹೆಂಡತಿಗೆ ಯಾವ ಕುರಿ ಗಬ್ಬ, ಯಾವುದರ ಹಾಲು ಕಡಿಮೆ ಎಂದು ಒಂದೊಂದನ್ನೇ ತೋರಿಸಿ ಹೇಳಿದ. ಬುಧವಾರ ಮುಂಜಾನೆಯೇ ಮಲಕಾರಿ ಬಂದಿಳಿದ. ಡಬ್ಬಿಯಲ್ಲಿ ಹಸಿರು ಬಣ್ಣ ತಂದಿದ್ದ, ಕುರಿಗಳ ಬೆನ್ನಿಗೆ ತನ್ನ ಗುರುತು ಹಾಕಲು.

ಹತ್ತು ಗಂಟೆಗೆ ಮಲಕವ್ವ ಕಾಟಾಕ್ಕೆ ಬಂದಳು. ಕಬ್ಬಿನ ಗಾಡಿಗಳ ಸಾಲು ದಾಟಿ ನೇರ ಕಿಟಕಿಗೆ ಬಂದು ನಿಂತಳು.

“ತಮ್ಮಾ, ನನ್ನ ಮಾರಿ ನೋಡಿ ಹೇಳ. ಡಾಕ್ಟರ ಒಳಗ ಏನಂದ? ಸಾಯ್ತಾನ ಅಂದ್ರ ಸಾಯ್ತಾನ ಅನ್ನ. ಅಲ್ಲಿ ನನ್ನ ತಮ್ಮ ಬಣ್ಣ ಹಚ್ಚಾಕತ್ತಾನ.”

ಸಿದರಾಯ ಗಾಡಿಯವರ ಕಡೆ ನೋಡಿದ. ಎಲ್ಲರ ಕಿವಿಯೂ ಇತ್ತಲೇ. “ಅವ್ವಾ, ಅವರ ಬಗ್ಗೆ ಏನೂ ಅಂದಿಲ್ರಿ. ಅವರಿಗೇನೂ ಇಲ್ಲ. ನಾ… ನನ್ನ ಕುತ್ತಿಗಿ ತೋರಿಸ್ಕೊಂಡೆ.”

ಹಿಂದಿನ ಗಾಡಿಯಿಂದ ಅಪ್ಪಾಸಾಬ ಎಂಬವನು ಕೂಗಿದ: “ಪೆನ್ನ ಹೊತ್ತ ಹೊತ್ತ ಸಾಹೇಬರ ಕುತ್ತಿಗಿ ಮುರದೈತ್ಯೋ! ಯಾರರ ಹೋಗಿ ಇಳಸ್ರ್ಯೋ!”

ಸಾಲಿಗೆ ಸಾಲೇ ನಕ್ಕಿತು. ಮಲಕವ್ವ ಮಾತ್ರ ನಗಲಿಲ್ಲ. ಕಿಟಕಿಯಿಂದ ಕೈ ಹಾಕಿ ಅವನ ಅಂಗಿಯ ತೋಳು ಹಿಡಿದಳು. “ಇದನ್ನ ಅವನ ಮುಂದ ಹೇಳ ಬಾ.”

ಹೊಲದಲ್ಲಿ ಆರು ಕುರಿಗಳ ಬೆನ್ನು ಆಗಲೇ ಹಸಿರಾಗಿತ್ತು. ಸಿದರಾಯ ಜಕ್ಕಪ್ಪನ ಮುಂದೆ ನಿಂತು ಎಲ್ಲ ಹೇಳಿದ. ಜಕ್ಕಪ್ಪ ನಂಬಲಿಲ್ಲ.

“ಇವಳ ಕಲಿಸಿ ಕರಕೊಂಡ ಬಂದಾಳ. ಕುಂಡ್ರ ಇಲ್ಲೆ. ಎಲ್ಲಿ ಒತ್ತಿದ ತೋರಸ.”

ಸಿದರಾಯ ಕುಳಿತ. ಜಕ್ಕಪ್ಪ ಅವನ ತಲೆಯನ್ನು ಮೊಣಕಾಲುಗಳ ನಡುವೆ ಕುರಿಯ ತಲೆಯಂತೆ ಹಿಡಿದು, ಹೆಬ್ಬೆರಳಿನಿಂದ ಒತ್ತುತ್ತಾ ಹೋದ. ನೆತ್ತಿ, ಕಿವಿಯ ಹಿಂದೆ, ಹೆಡಕು.

“ಅಯ್ಯಯ್ಯೋ, ಅಲ್ಲೇ ರೀ!”

ಹೆಬ್ಬೆರಳು ನಿಂತಿತು. “ಇಲ್ಲೇ? ನಂದೂ ಇಲ್ಲೇ.” ಜಕ್ಕಪ್ಪ ಬಗ್ಗಿ ಕೇಳಿದ, “ನಿನಗೂ ಅಂಜಿಕಿ ಆಗಿತ್ತೇನ?”

“ಆಗಿತ್ರಿ. ಮಲಗೂ ಮುಂದ ದಿನಾ ಒತ್ತಿ ನೋಡ್ಕೋತೇನಿ. ಮುಂಜಾನೆ ಎದ್ದ ಮತ್ತ ನೋಡ್ಕೋತೇನಿ.”

“ನೀನೂ?”

“ಹೌದ್ರಿ.”

ಜಕ್ಕಪ್ಪ ಅವನ ತಲೆ ಬಿಟ್ಟ. ಲೋಕದಲ್ಲಿ ಹೀಗೆ ತನ್ನ ಬುರುಡೆ ತಾನೇ ಒತ್ತಿಕೊಳ್ಳುವವನು ತಾನೊಬ್ಬನೇ ಎಂದು ತಿಂಗಳಿಡೀ ತಿಳಿದಿದ್ದ ಮನುಷ್ಯ, ಎದುರಿಗೆ ಕೂದಲು ಕೆದರಿ ಕುಳಿತ ಗುಮಾಸ್ತನನ್ನು ಹೊಸದಾಗಿ ಎಂಬಂತೆ ನೋಡಿದ. “ನಿನ್ನ ತಲಿ ಗಟ್ಟಿ ಐತಿ, ಹೋಗ. ಏನೂ ಆಗಿಲ್ಲ ನಿನಗ,” ಎಂದ.

“ಡಾಕ್ಟರ ಅಂದದ್ದೂ ಅದ ಅಲ್ಲೇನ ನಿನಗ!” ಮಲಕವ್ವ ಹಾರಿಬಿದ್ದಳು. ಪಕ್ಕದಲ್ಲಿದ್ದ ಉದ್ದನೆಯ ಗಳ ಎತ್ತಿಕೊಂಡಳು. ಅದರ ತುದಿಗೆ ಕುಡುಗೋಲು ಕಟ್ಟಿತ್ತು. “ಮತ್ತ ಕೆಲಸ ಏನೂ ಇಲ್ರಿ ಅಂದೆಂತ ಅಲ್ಲಿ? ಮಳಿ ಹೋದಾಗಿಂದ ದಿನಂಪ್ರತಿ ಮ್ಯಾಲ ಮುಗಲ ನೋಡ್ಕೋತ ಕುರೀಗಿ ಜಾಲಿ ಟೊಂಗಿ ಕೆಡವತೀ ಈ ಗಳದಾಗ. ಇದ ಕೆಲಸ ಅಲ್ಲೇನ? ಕುತ್ತಿಗಿ ನೋಯದ ಏನ ಮಾಡತೈತಿ? ನಾಳಿಂದ ಟೊಂಗಿ ನಾ ಕಡೀತೇನಿ. ನೀ ಕೆಳಗ ನೋಡ್ಕೋತ ಕುರಿ ತಿರುವ.”

ಮಲಕಾರಿ ಬಣ್ಣದ ಡಬ್ಬಿ ಹಿಡಿದು ನಿಂತೇ ಇದ್ದ. “ಅಕ್ಕಾ, ಇಷ್ಟ ದೂರ ಬಂದೇನಿ. ಒಂದ ಟಗರರ…”

“ಬಂದೀ, ಉಂಡ ಹೋಗ.”

ಜಕ್ಕಪ್ಪ ಎದ್ದು ಹಸಿರು ಬೆನ್ನಿನ ಕುರಿಯೊಂದನ್ನು ಹಿಡಿದು, ಬಣ್ಣ ಒಣಗುವ ಮೊದಲು ಕಬ್ಬಿನ ಒಣ ಎಲೆಯ ರವದಿಯಿಂದ ಒರೆಸತೊಡಗಿದ. ಉಂಡು ಮಲಕಾರಿ ಬರಿಗೈಯಲ್ಲಿ ಹೋದ.

ಆ ಚಳಿಗಾಲವೆಲ್ಲ ಗಳ ಮಲಕವ್ವನ ಕೈಯಲ್ಲಿತ್ತು. ನೋವು ಅರ್ಧಕ್ಕರ್ಧ ಇಳಿಯಿತು. ಒಡ್ಡಿನ ಮೇಲೆ ನೆಟ್ಟಗೆ ನಡೆದು ನೋಡುವುದು ಪೂರ್ತಿ ನಿಲ್ಲಲಿಲ್ಲ, ಅಮಾವಾಸ್ಯೆ ಹುಣ್ಣಿಮೆಗೆ ಒಮ್ಮೆ ಎಂಬಂತಾಯಿತು. ಅದನ್ನು ಸಿದರಾಯ ಖೋಲಿಯ ಕಿಟಕಿಯಿಂದ ನೋಡುತ್ತಿದ್ದ, ತನ್ನ ಹೆಡಕು ತಾನು ಒತ್ತಿಕೊಳ್ಳುತ್ತ.

ಮರುವರ್ಷ ಮತ್ತೆ ಹಿಂಡು ಬಂತು. ಹೊಳೆಯ ಕಡೆ ಹೋಗುವ ಸಣ್ಣ ಹಾದಿಯಲ್ಲಿ ಸಿದರಾಯನಿಗೆ ಜಕ್ಕಪ್ಪ ಎದುರಾದ, ಬೆನ್ನ ಹಿಂದೆ ಕುರಿಗಳ ಸಾಲು. ಎಷ್ಟೋ ದಿನದಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಸಿದರಾಯ ಕೇಳಿಯೇ ಬಿಟ್ಟ. ಜಕ್ಕಪ್ಪನಿಗೋಸ್ಕರ ಕೇಳಿದನೋ, ತನಗೋಸ್ಕರ ಕೇಳಿದನೋ, ಅವನಿಗೂ ಗೊತ್ತಿರಲಿಲ್ಲ.

“ಕಾಕಾ, ಸಿಟ್ಟಾಗಬ್ಯಾಡ್ರಿ. ಆ ಸಾಯೂ ಅಂಜಿಕಿ ಈಗರ ಪೂರಾ ಹೋತೇನ್ರಿ?”

“ಇಲ್ಲ, ದಿನಾ ಬರತೈತಿ,” ಎಂದ ಜಕ್ಕಪ್ಪ. “ಹಾದಿ ಬಿಟ್ಟ ಅತ್ತಾಗ ಸರಿ. ಕುರಿ ನಿಂತಾವ.”