ಎತ್ತಂಗಡಿ ಭಾವನ ಹಿತ್ತಲು

ನಮ್ಮ ಅಕ್ಕನ ಗಂಡ ದೊಡ್ಡ ಇಲಾಖೆಯೊಂದರಲ್ಲಿ ವರ್ಗಾವಣೆ ವಿಭಾಗದ ಮುಖ್ಯಸ್ಥರಾಗಿದ್ದವರು. ಯಾರನ್ನು ಎಲ್ಲಿಂದ ಎತ್ತಿ ಎಲ್ಲಿಗೆ ಹಾಕಬೇಕು ಎನ್ನುವುದಷ್ಟೇ ಅವರ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದರು. ಅಷ್ಟೂ ವರ್ಷ ಒಂದೇ ಕೋಣೆಯಲ್ಲಿ, ಒಂದೇ ಕಿಟಕಿಯ ಪಕ್ಕ, ಒಂದೇ ಕುರ್ಚಿಯಲ್ಲಿ ಕೂತು ಮಾಡಿದರು ಎನ್ನುವುದನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಕಚೇರಿಯವರು ಬೆನ್ನ ಹಿಂದೆ ಅವರನ್ನು ಎತ್ತಂಗಡಿ ಸಾಹೇಬರು ಅನ್ನುತ್ತಿದ್ದರು. ಆ ಹೆಸರು ಹೇಗೋ ನಮ್ಮ ಬೀದಿಗೂ ಬಂತು. ತಂದವಳು ನಾನೇ ಅಂತ ಅಕ್ಕನಿಗೆ ಗುಮಾನಿ ಇದೆ, ಅದು ಸುಳ್ಳೇನಲ್ಲ.

ನಾನು ಅವರ ಮನೆಯ ಮಹಡಿ ಮೇಲಿನ ಎರಡು ಕೋಣೆಗಳಲ್ಲಿ ಇರುವವಳು, ಆಸ್ಪತ್ರೆಯಲ್ಲಿ ನರ್ಸ್. ಮದುವೆ ಗಿದುವೆ ಅಂತ ಆಗಲಿಲ್ಲ. ಅದರ ಬಗ್ಗೆ ವ್ಯಥೆಯೂ ಇಲ್ಲ. ಮೇಲಿನಿಂದ ಕೆಳಗಿನ ಸಂಸಾರ ನೋಡುತ್ತಿದ್ದರೆ ಅಂಥ ವ್ಯಥೆ ಯಾರಿಗೂ ಹೆಚ್ಚು ದಿನ ಉಳಿಯುವುದಿಲ್ಲ. ಬಟ್ಟೆ ಒಣಹಾಕುವ ನನ್ನ ತಾರಸಿಯಿಂದ ಹಿತ್ತಲು ಪೂರ್ತಿ ಕಾಣುತ್ತದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ನಾನು ಕಣ್ಣಾರೆ ಕಂಡದ್ದು.

ಅಕ್ಕ ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ. ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ದಿಂಬಿನ ಚೀಲ. ಈ ಸ್ವಂತ ಮನೆಗೆ ಬರುವ ಮುಂಚೆ ಗಂಡ ಹೆಂಡತಿ ಹನ್ನೊಂದು ಬಾಡಿಗೆ ಮನೆ ಬದಲಾಯಿಸಿದ್ದರು. ಭಾವನಿಗೆ ಯಾವ ಮನೆಯೂ ಸರಿಬರುತ್ತಿರಲಿಲ್ಲ. ಒಂದರಲ್ಲಿ ಗಾಳಿ ಕಡಿಮೆ, ಇನ್ನೊಂದರಲ್ಲಿ ಗಾಳಿ ಜಾಸ್ತಿ, ಮತ್ತೊಂದರಲ್ಲಿ ಮಾಲೀಕ ಕೆಮ್ಮುವ ರೀತಿ ಸರಿಯಿಲ್ಲ. ಅಕ್ಕ ಪ್ರತಿ ಮನೆಯಲ್ಲೂ ಏನಾದರೊಂದು ನೆಡುವಳು. ಅದು ಮೊಣಕಾಲೆತ್ತರ ಬರುವಷ್ಟರಲ್ಲಿ ಸಾಮಾನು ಸಾಗಿಸುವ ಲಾರಿ ಬಾಗಿಲಿಗೆ ಬಂದು ನಿಲ್ಲುವುದು. ಕೊನೆಯ ಸಲ ಮಾತ್ರ ಅವಳು ಬಿಟ್ಟು ಬರಲಿಲ್ಲ. ಬೀಜ ಹಾಕಿ ಎಬ್ಬಿಸಿದ್ದ ನಿಂಬೆ ಸಸಿಯೊಂದನ್ನು ಎಣ್ಣೆ ಡಬ್ಬದ ಸಮೇತ ಮಡಿಲಲ್ಲಿಟ್ಟುಕೊಂಡು ಲಾರಿಯ ಮುಂದಿನ ಸೀಟಿನಲ್ಲಿ ಕೂತು ಬಂದಳು. ಬಂದವಳೇ ಹಿತ್ತಿಲ ಬಾಗಿಲ ಪಕ್ಕ, ಬಟ್ಟೆ ಒಗೆದ ನೀರು ಹರಿಯುವ ಕಡೆ ನೆಟ್ಟಳು. ಹೊಲಿಗೆ ಯಂತ್ರದ ಮುಂದೆ ಕೂತರೆ ಕಿಟಕಿಯಿಂದ ನೇರ ಕಾಣುವ ಜಾಗ ಅದು.

"ನಾನು ನೆಟ್ಟಿದ್ದು ಒಂದಾದ್ರೂ ಕಾಯಿ ಬಿಡೋದನ್ನ ನೋಡ್ಬೇಕು ಕಣೇ," ಅಂದಳು ನನಗೆ. "ಬೇರೇನೂ ಬೇಡ ನನಗೆ."

ಐವತ್ತೈದು ದಾಟಿದ ಹೆಂಗಸು ಕೇಳಿದ್ದು ಇಷ್ಟೇ. ಕೊಡುವುದು ಯಾರಿಗೂ ಕಷ್ಟವಿರಲಿಲ್ಲ, ಗಿಡದ ತಂಟೆಗೆ ಹೋಗದಿದ್ದರೆ ಸಾಕಿತ್ತು. ಆದರೆ ಅದೇ ಮಳೆಗಾಲದಲ್ಲಿ ಭಾವ ನಿವೃತ್ತರಾದರು.

ಮೊದಲ ವಾರ ಹಳೇ ಪತ್ರಿಕೆಗಳನ್ನು ತಾರೀಖಿನ ಪ್ರಕಾರ ಜೋಡಿಸಿದರು. ಎರಡನೇ ವಾರ ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿ, ಉಪ್ಪು ಹುಡುಕಲು ಅಕ್ಕನಿಗೆ ಅರ್ಧ ದಿನ ಹಿಡಿಯುವಂತೆ ಮಾಡಿದರು. ಮೂರನೇ ವಾರ ಅವರ ಕಣ್ಣು ಹಿತ್ತಲಿನ ಮೇಲೆ ಬಿತ್ತು. ಗ್ರಾಫ್ ಹಾಳೆ ಬಂತು, ಅಳತೆ ಟೇಪು ಬಂತು, ಗೆರೆ ಎಳೆಯಲು ಸುಣ್ಣದ ಪುಡಿ ಬಂತು. ಪ್ರತಿ ಗಿಡಕ್ಕೂ ನಂಬರು ಬರೆದ ತಗಡಿನ ಚೀಟಿ ಕಟ್ಟಿದರು. ನಿಂಬೆಯದು ಏಳನೇ ನಂಬರು. ಏಳನೇ ನಂಬರು ದಾರಿಗೆ ಅಡ್ಡವಾಗಿದೆ ಅಂತ ತೀರ್ಮಾನವಾಯಿತು. ಹಿತ್ತಲಲ್ಲಿ ದಾರಿಯೇ ಇರಲಿಲ್ಲ. ದಾರಿ ಇದ್ದದ್ದು ಗ್ರಾಫ್ ಹಾಳೆಯಲ್ಲಿ. ಆದರೂ ನಿಂಬೆಯನ್ನು ಅಗೆದು ಗೋಡೆಯ ಪಕ್ಕಕ್ಕೆ ಹಾಕಿದರು.

ಜಿಟಿಜಿಟಿ ಮಳೆ ಹಿಡಿದಿದ್ದರಿಂದ ಸಸಿ ಬದುಕಿಕೊಂಡಿತು. ಅದು ಬದುಕಿದ್ದೇ ಅನಾಹುತವಾಯಿತು. ಮಳೆಯ ಪುಣ್ಯವನ್ನು ಭಾವ ತಮ್ಮ ಲೆಕ್ಕಕ್ಕೆ ಬರೆದುಕೊಂಡರು. ಒಂದೇ ಕಡೆ ಬಹಳ ದಿನ ಇದ್ದರೆ ಗಿಡಕ್ಕೂ ಮೈಗಳ್ಳತನ ಬರುತ್ತದೆ, ಆಗಾಗ ಜಾಗ ಬದಲಾಯಿಸುತ್ತಿದ್ದರೆ ಚುರುಕಾಗಿರುತ್ತದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಉಪದೇಶ ಶುರುವಾಯಿತು. ಪಕ್ಕದ ಮನೆಯ ಮೇಷ್ಟ್ರು ಪಾಪ, ಕಾಂಪೌಂಡಿನ ಆಚೆ ನಿಂತು ಹೂಂ ಹೂಂ ಅನ್ನುತ್ತಿದ್ದರು. ಆಮೇಲೆ ಆ ಕಡೆಗೆ ಬರುವುದನ್ನೇ ಬಿಟ್ಟರು.

ಚಳಿಗಾಲದಲ್ಲಿ ಟೊಮೇಟೊ ಗಿಡಗಳು ಹೂಬಿಟ್ಟವು. ಹೂ ಬಿಟ್ಟಿದ್ದರಿಂದ ಅವು ಹೂವಿನ ಸಾಲಿಗೆ ಸೇರಬೇಕು ಅಂತ ಭಾವ ಅವನ್ನು ಕಿತ್ತು ಗುಲಾಬಿಯ ಪಕ್ಕ ನೆಟ್ಟರು. ನಾನು ತಾರಸಿಯಿಂದಲೇ, ಭಾವ, ಮುಂದಿನ ತಿಂಗಳು ಕಾಯಿ ಬಿಟ್ಟರೆ ಮತ್ತೆ ತರಕಾರಿ ಸಾಲಿಗೆ ಕಳಿಸುತ್ತೀರಾ ಅಂತ ಕೇಳಿದೆ. ಅವರು ಗಂಭೀರವಾಗಿ ಯೋಚಿಸಿ, ಆಗ ನೋಡೋಣ ಅಂದರು. ನೋಡುವ ಪ್ರಸಂಗವೇ ಬರಲಿಲ್ಲ, ಎಲ್ಲವೂ ವಾರದಲ್ಲಿ ಒಣಗಿದವು. ಆ ಚಳಿಯಲ್ಲೇ ನಿಂಬೆ ಎರಡನೇ ಸಲ ಜಾಗ ಬಿಟ್ಟು, ನೀರಿನ ತೊಟ್ಟಿಯ ಹಿಂದಿನ ನೆರಳಿಗೆ ಹೋಗಿ ಬೋಳಾಗಿ ನಿಂತಿತು. ಅಕ್ಕ ದಿನಾ ಬೆಳಿಗ್ಗೆ ಅಲ್ಲಿಗೇ ಹೋಗಿ ಒಂದು ಚೊಂಬು ನೀರು ಹಾಕಿ ಬರುತ್ತಿದ್ದಳು. ಅವಳ ಆ ತಾಳ್ಮೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬೇಸಿಗೆಯಲ್ಲಿ, ನೆಲ ಕಲ್ಲಾಗಿದ್ದಾಗ, ಈ ಪುಣ್ಯಾತ್ಮರ ತಲೆಗೆ ಕೊಳದ ಹುಳು ಹೊಕ್ಕಿತು. ಹಿತ್ತಲ ನಡುವೆ ಕೊಳ, ಕೊಳದಲ್ಲಿ ತಾವರೆ. ಇಪ್ಪತ್ತು ದಿನ ಅಗೆದರು. ಅಂಗೈಗೆ ಬೊಬ್ಬೆ ಬಂದು, ದಿನಾ ಸಂಜೆ ಮಹಡಿ ಹತ್ತಿ ನನ್ನ ಹತ್ತಿರ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದರು. ಹಳ್ಳಕ್ಕೆ ನೀಲಿ ಪ್ಲಾಸ್ಟಿಕ್ ಹಾಸಿ ನೀರು ತುಂಬಿಸಿದರು. ತಾವರೆ ಬರಲಿಲ್ಲ, ಸೊಳ್ಳೆ ಬಂದವು. ಬೀದಿಯಲ್ಲಿ ಮೂರು ಮನೆಗೆ ಜ್ವರ ಬಂದು, ಅವರೆಲ್ಲ ನಮ್ಮ ಆಸ್ಪತ್ರೆಗೇ ಬಂದು ನನ್ನ ಮುಖ ನೋಡಿದಾಗ ನಾನು ತಲೆ ತಗ್ಗಿಸಬೇಕಾಯಿತು. ಮಳೆ ಶುರುವಾದ ಮೇಲೆ ಕೊಳ ತುಂಬಿ ಅಡುಗೆಮನೆಗೆ ಹರಿಯಿತು, ಅಕ್ಕ ಕತ್ತರಿಸಿಟ್ಟಿದ್ದ ಸಮವಸ್ತ್ರದ ಬಟ್ಟೆಯೆಲ್ಲ ಕೆಸರಾಯಿತು. ಅಷ್ಟಾದ ಮೇಲೆ ಕೊಳ ಮುಚ್ಚಿ ಅದರ ಮೇಲೆ ಹುಲ್ಲುಹಾಸು ಮಾಡಿದರು. ಬರುವ ಅತಿಥಿಗಳು ಕೂರುವುದಕ್ಕಂತೆ. ಎತ್ತಂಗಡಿ ಸಾಹೇಬರ ಮನೆಗೆ ಯಾವ ಅತಿಥಿ ಬರಬೇಕು?

ಹೀಗೆ ಕೊಳಕ್ಕೊಂದು ಸಲ, ಹುಲ್ಲಿಗೊಂದು ಸಲ ಅಂತ ನಿಂಬೆ ಮೂರು ವರ್ಷದಲ್ಲಿ ನಾಲ್ಕು ಕಡೆ ತಿರುಗಿತು. ತಮಾಷೆಯೆಂದರೆ ನಾಲ್ಕನೇ ನಕ್ಷೆ ತಯಾರಾದಾಗ ಅದಕ್ಕೆ ಸಿಕ್ಕಿದ್ದು ಹಿತ್ತಿಲ ಬಾಗಿಲ ಪಕ್ಕದ ಅದೇ ಹಳೇ ಜಾಗ. ಇದು ತಮ್ಮ ಯೋಜನೆಯ ಗೆಲುವು ಅಂತ ಭಾವ ಎದೆಯುಬ್ಬಿಸಿ ಹೇಳಿಕೊಂಡರು. ಅಕ್ಕ ಮಾತ್ರ ಆ ದಿನ ನನಗೆ ಕಾಫಿ ಕೊಡುವಾಗ ನಗುತ್ತಿದ್ದಳು.

ಆಮೇಲಿನ ಮಳೆಗಾಲದಲ್ಲಿ ಭಾವ ತಾವೇ ಹಾಕಿದ ಕಲ್ಲುದಾರಿಯ ಪಾಚಿಯ ಮೇಲೆ ತಾವೇ ಜಾರಿ ಬಿದ್ದು ಕಾಲು ಮುರಿದುಕೊಂಡರು. ನೋವಿನಲ್ಲಿದ್ದವರನ್ನು ನೋಡಿ ಖುಷಿಪಡುವುದು ನನ್ನ ಕಸುಬಿಗೆ ಶೋಭಿಸುವುದಿಲ್ಲ. ಆದರೂ ನಿಜ ಹೇಳಬೇಕಲ್ಲ, ಪ್ಲಾಸ್ಟರು ಸೊಂಟದವರೆಗೂ ಹಾಕಿದ್ದರೆ ಚೆನ್ನಾಗಿತ್ತು ಅನ್ನಿಸಿತು. ನಾಲ್ಕು ತಿಂಗಳು ಅವರು ಮಂಚ ಬಿಟ್ಟು ಇಳಿಯಲಿಲ್ಲ. ಆ ನಾಲ್ಕು ತಿಂಗಳಲ್ಲಿ ಹಿತ್ತಲು ಹುಚ್ಚೆದ್ದು ಬೆಳೆಯಿತು. ಕಲ್ಲುದಾರಿ ಹುಲ್ಲಲ್ಲಿ ಮುಳುಗಿತು, ಗುಲಾಬಿ ಕಾಂಪೌಂಡು ಏರಿತು. ನಿಂಬೆ ಆಳೆತ್ತರವಾಗಿ ಬೆಳ್ಳಗೆ ಮೊಗ್ಗು ತುಂಬಿಕೊಂಡು, ಹೊಲಿಗೆ ಯಂತ್ರದವರೆಗೂ ವಾಸನೆ ಬರುತ್ತಿತ್ತು. ಚಳಿ ಬರುವ ಹೊತ್ತಿಗೆ ಹೀಚು ಕಟ್ಟಿತು. ಅಕ್ಕ ಎಣಿಸಿದಳು, ಇಪ್ಪತ್ಮೂರು. ನನ್ನನ್ನು ಮಹಡಿಯಿಂದ ಕೆಳಗೆ ಕರೆದು ಒಂದೊಂದನ್ನೂ ತೋರಿಸಿದಳು. ಬಟಾಣಿ ಗಾತ್ರದ ಹಸಿರು ಕಾಯಿಗಳನ್ನು ಬೆರಳಿಂದ ಮುಟ್ಟಲೂ ಹೆದರಿ, ದೂರದಿಂದಲೇ ತೋರಿಸಿದಳು.

ಪ್ಲಾಸ್ಟರು ಬಿಚ್ಚಿದ ಮರುದಿನವೇ ಭಾವ ಗ್ರಾಫ್ ಹಾಳೆ ತೆಗೆದರು. ಕಾಲಿಗೆ ಇನ್ನೂ ಬಲ ಸಾಲದು, ಆದ್ದರಿಂದ ಹಿತ್ತಿಲ ಬಾಗಿಲ ಪಕ್ಕ ಒಂದು ಕಲ್ಲುಬೆಂಚು ಬೇಕು, ಅಲ್ಲಿ ಕೂತು ಎಲ್ಲವನ್ನೂ ನೋಡಿಕೊಳ್ಳುತ್ತೇನೆ, ನಿಂಬೆಯ ಮುಳ್ಳು ಚುಚ್ಚುತ್ತದೆ, ಅದನ್ನು ಹನ್ನೆರಡು ಅಡಿ ಆಚೆ ಮೂಲೆಗೆ ಹಾಕಿದರಾಯಿತು ಅಂದರು. ಊಟ ಬಡಿಸುತ್ತಿದ್ದ ಅಕ್ಕ ಸೌಟು ಕೆಳಗಿಟ್ಟಳು. ಮದುವೆಯಾದಾಗಿನಿಂದ ಗಂಡನಿಗೆ ಎದುರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಬೇಡ ರೀ. ಹೀಚು ಕಟ್ಟಿದೆ. ಈಗ ಮಾತ್ರ ಅದನ್ನ ಮುಟ್ಬೇಡಿ."

"ಆಯ್ತು ಆಯ್ತು, ನೋಡೋಣ," ಅಂದರು ಭಾವ.

ಅವರು ನೋಡೋಣ ಅಂದರೆ ಆದೇಶ ಟೈಪಾಗಿ ಸಹಿ ಬಿದ್ದಿದೆ ಅಂತ ಅರ್ಥ. ಅದು ಅವರ ಇಲಾಖೆಯ ಜವಾನನಿಗೂ ಗೊತ್ತಿತ್ತು. ಅಕ್ಕನಿಗೆ ಗೊತ್ತಿರಲಿಲ್ಲವೋ, ಈ ಸಲ ಹಾಗಲ್ಲ ಅಂತ ನಂಬಿದಳೋ, ನನಗೆ ತಿಳಿಯದು. ಎರಡು ದಿನ ಬಿಟ್ಟು ಅವಳು ಸಮವಸ್ತ್ರದ ಗಂಟು ಹೊತ್ತು ಶಾಲೆಗೆ ಕೊಟ್ಟುಬರಲು ಹೋದಳು.

ನನಗೆ ಅವತ್ತು ರಜೆ. ತಾರಸಿಯಲ್ಲಿ ಹೊದಿಕೆಗಳನ್ನು ಹರವುತ್ತಿದ್ದಾಗ ಕೆಳಗೆ ಹಾರೆಯ ಸದ್ದು ಕೇಳಿತು. ಬಗ್ಗಿ ನೋಡಿದೆ. ಭಾವ ಒಂದು ಕಾಲನ್ನು ಎಳೆಯುತ್ತಾ ನಿಂಬೆಯ ಸುತ್ತ ಅಗೆಯುತ್ತಿದ್ದರು. ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಗಂಡ ಹೆಂಡತಿಯ ವಿಷಯ, ಮಧ್ಯೆ ನಾನ್ಯಾಕೆ ಮೂಗು ತೂರಿಸಲಿ, ನಾಳೆ ಇದೇ ಮನೆಯಲ್ಲಿ ನಾನು ಇರಬೇಕಲ್ಲ ಅಂತ ಹೊದಿಕೆ ಹರವುವುದನ್ನೇ ಮುಂದುವರಿಸಿದೆ. ಟೊಮೇಟೊ ಬಗ್ಗೆ ಕುಹಕವಾಡಲು ನನಗೆ ನಾಲಗೆ ಇತ್ತು, ಅಗತ್ಯ ಬಿದ್ದಾಗ ಇರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಕ್ಕ ಬರುವಷ್ಟರಲ್ಲಿ ನಿಂಬೆ ಮೂಲೆಯಲ್ಲಿತ್ತು. ಬುಡಕ್ಕೆ ನೀರು ಹಾಕಿ, ಕೋಲು ಕೊಟ್ಟು ಕಟ್ಟಿ, ನಂಬರಿನ ಚೀಟಿಯನ್ನೂ ಒರೆಸಿ ತೂಗುಹಾಕಿದ್ದರು. ಭಾವನಿಗೆ ತಾವು ಮಾಡಿದ್ದು ತಪ್ಪು ಅಂತ ಒಂದು ಎಳೆಯಷ್ಟೂ ಅನ್ನಿಸಿರಲಿಲ್ಲ. ಎಷ್ಟು ಹಗುರವಾಗಿ ತೆಗೆದೆ ನೋಡು, ಒಂದು ಕಾಯಿಯೂ ಬಿದ್ದಿಲ್ಲ ಅಂತ ತೋರಿಸಿದರು. ಅವತ್ತಿಗೆ ಬಿದ್ದಿರಲಿಲ್ಲ, ನಿಜ. ಮೂರನೇ ದಿನ ಎಲೆ ಮುದುಡಿತು. ಐದನೇ ದಿನದಿಂದ ಹೀಚು ಉದುರತೊಡಗಿ, ಒಂಬತ್ತನೇ ದಿನಕ್ಕೆ ಇಪ್ಪತ್ಮೂರೂ ನೆಲಕ್ಕೆ ಬಿದ್ದವು. ಅಕ್ಕ ಅಷ್ಟನ್ನೂ ಗುಡಿಸಿ ಕಸದ ಬುಟ್ಟಿಗೆ ಹಾಕಿದಳು.

ಅವಳು ಅತ್ತಿದ್ದರೆ ನಾನು ಸಮಾಧಾನ ಮಾಡಬಹುದಿತ್ತು, ಜಗಳ ತೆಗೆದಿದ್ದರೆ ಈ ಸಲವಾದರೂ ಅವಳ ಪರ ನಿಲ್ಲಬಹುದಿತ್ತು. ಎರಡನ್ನೂ ಮಾಡಲಿಲ್ಲ. ಮೇಷ್ಟ್ರನ್ನೂ ಅವರ ಹೆಂಡತಿಯನ್ನೂ ಕರೆದು ಹೊಲಿಗೆ ಯಂತ್ರವನ್ನು ಹಿಂದಿನ ಕಿಟಕಿಯಿಂದ ಎತ್ತಿಸಿ, ಬೀದಿ ಕಾಣುವ ಮುಂದಿನ ಕೋಣೆಗೆ ಹಾಕಿಸಿದಳು. ಒಗೆದ ಬಟ್ಟೆ ಒಣಹಾಕಲು ನನ್ನ ತಾರಸಿಗೆ ಬರತೊಡಗಿದಳು, ಬಂದರೂ ಹಿತ್ತಲ ಕಡೆಗೆ ಬೆನ್ನು ಮಾಡಿಯೇ ನಿಲ್ಲುವಳು. ಆ ದಿನದಿಂದ ಅವಳು ಹಿತ್ತಲಿಗೆ ಕಾಲಿಡಲಿಲ್ಲ. ಗಂಡನಿಗೆ ಊಟ, ಕಾಫಿ, ಕಾಲಿಗೆ ಎಣ್ಣೆ, ಯಾವುದಕ್ಕೂ ಕೊರತೆ ಮಾಡಲಿಲ್ಲ.

ಎಂಟು ದಿನದ ಮುನಿಸು ಅಂತ ಭಾವ ಅಂದುಕೊಂಡರು. ಎಂಟು ತಿಂಗಳಾದ ಮೇಲೆ ಕಲ್ಲುಬೆಂಚಿನ ಮೇಲೆ ಒಬ್ಬರೇ ಕೂರುವುದು ಅವರಿಗೂ ಬೇಸರವಾಯಿತು. ಗ್ರಾಫ್ ಹಾಳೆ ಎಲ್ಲಿ ಸೇರಿತೋ, ಮತ್ತೆ ಕಾಣಲಿಲ್ಲ. ಬೇಸಿಗೆಯಲ್ಲಿ ಎರಡು ಹೊತ್ತು ಕೊಡ ಹೊತ್ತು ನಿಂಬೆಗೆ ನೀರು ಹಾಕುತ್ತಿದ್ದರು. ಬುಡಕ್ಕೆ ಒಣಗಿದೆಲೆ ಹೊದಿಸಿದರು, ಎಲೆ ತಿನ್ನುವ ಹುಳುಗಳನ್ನು ಕನ್ನಡಕ ಹಾಕಿಕೊಂಡು ಒಂದೊಂದೇ ಆರಿಸಿದರು. ಸಂಜೆ ಒಳಗೆ ಬಂದು ಹೊಸ ಚಿಗುರು ಬಂತು, ಹಳೇ ರೆಂಬೆ ಒಣಗಿತು ಅಂತ ಅಕ್ಕನಿಗೆ ವರದಿ ಒಪ್ಪಿಸುವರು. ಅಕ್ಕ ದಾರ ಪೋಣಿಸುತ್ತಾ, ಹೌದಾ ಅನ್ನುವಳು. ಅದಕ್ಕಿಂತ ಹೆಚ್ಚಿನ ಮಾತು ಅವರಿಗೆ ದಕ್ಕಲಿಲ್ಲ. ನರ್ಸಮ್ಮ, ನಿಮ್ಮಕ್ಕನಿಗೆ ನೀನಾದರೂ ಹೇಳು ಅಂತ ಒಮ್ಮೆ ನನ್ನನ್ನೇ ಕೇಳಿದರು. ನನಗೆ ಡ್ಯೂಟಿಗೆ ಹೊತ್ತಾಯಿತು ಅಂತ ಹೊರಟುಬಿಟ್ಟೆ.

ಎರಡು ವರ್ಷದ ಮೇಲೆ ನಿಂಬೆ ಮತ್ತೆ ಕಾಯಿ ಬಿಟ್ಟಿತು. ಈ ಸಲ ಉದುರಲಿಲ್ಲ. ಹಳದಿಗೆ ತಿರುಗಿದ ಮೊದಲನೆಯದನ್ನು ಭಾವ ಕಿತ್ತು, ಅಂಗಿಯ ತುದಿಯಲ್ಲಿ ಒರೆಸಿ, ಮುಂದಿನ ಕೋಣೆಗೆ ತಂದರು. ನಾನು ಅಲ್ಲೇ ಕೂತು ಸಮವಸ್ತ್ರಕ್ಕೆ ಗುಂಡಿ ಹಾಕಿಕೊಡುತ್ತಿದ್ದೆ.

"ನೋಡೇ," ಅಂದರು. "ನಿನ್ನ ಗಿಡದ್ದು."

ಅಕ್ಕ ಯಂತ್ರ ತುಳಿಯುತ್ತಿದ್ದ ಕಾಲು ನಿಲ್ಲಿಸಿ, ಅವರ ಅಂಗೈಯಲ್ಲಿದ್ದ ಕಾಯಿಯನ್ನು ನೋಡಿದಳು. ಚೆನ್ನಾಗಿತ್ತು ಕಾಯಿ, ತುಂಬಿಕೊಂಡಿತ್ತು.

"ಇದು ನಿಮ್ಮ ಗಿಡದ್ದು ರೀ," ಅಂದಳು. "ನನ್ನದು ಬಾಗಿಲ ಪಕ್ಕ ಇತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ, ಕಳೆದುಹೋದ ವಸ್ತುವಿನ ಗುರುತು ಹೇಳುವ ಹಾಗೆ ಹೇಳಿದಳು. ಮತ್ತೆ ಕಾಲು ತುಳಿಯತೊಡಗಿತು. ಭಾವ ಕಾಯಿಯನ್ನು ಯಂತ್ರದ ಮೇಜಿನ ಅಂಚಿಗೆ ಇಟ್ಟರು. ಯಂತ್ರ ನಡುಗುತ್ತಿತ್ತು, ಕಾಯಿ ಉರುಳಿ ಕೆಳಗೆ ಬಿತ್ತು. ಹಿಂದೆ ಮುರಿದಿದ್ದ ಕಾಲನ್ನು ಮಡಿಸಲಾರದೆ ಗೋಡೆ ಹಿಡಿದು, ಆಮೇಲೆ ಮೇಜಿನ ಕಾಲು ಹಿಡಿದು, ಆ ದೊಡ್ಡ ಮನುಷ್ಯ ನೆಲಕ್ಕೆ ಕೈಯೂರಿ ಚಿಂದಿಗಳ ನಡುವೆ ತಡಕಾಡಿದರು. ಅವರ ತಲೆಯ ಪಕ್ಕದಲ್ಲೇ ಅಕ್ಕನ ಪಾದ ಒಂದೇ ಸಮ ತುಳಿಯುತ್ತಿತ್ತು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಕಾಯಿ ಕೈಗೆ ಸಿಕ್ಕಿತು, ಸಿಕ್ಕಿದ್ದನ್ನು ನಾನು ನೋಡಿದೆ. ಆದರೂ ಭಾವ ಬಹಳ ಹೊತ್ತಿನವರೆಗೆ ಮೇಜಿನ ಕೆಳಗಿಂದ ಎದ್ದು ಬರಲಿಲ್ಲ.