ನೋಡಿದವರ ಹೆಸರು

ನಿನ್ನ ಹೆಸರನ್ನು ಅಲ್ಲಿ ಬರೆದವಳು ನಾನು, ಮಂಜುಳಾ. ನೀನಲ್ಲ. ಆರು ವರ್ಷದಿಂದ ನಿನ್ನದೆಂದು ನೀನು ಹೊತ್ತುಕೊಂಡಿರುವ ತಪ್ಪು ನನ್ನದು — ಕೆಲಸದ ತಪ್ಪೂ ನನ್ನದು, ಆಮೇಲಿನ ಕಳ್ಳಾಟವೂ ನನ್ನದು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಶುರುಮಾಡಿದರೆ ನಾನು ಎಲ್ಲಿ ಜಾರಿಕೊಳ್ಳುತ್ತೇನೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಮಂಡಿ ಮೊಹಲ್ಲಾದ ಆ ಮಹಡಿ ನಿನಗೆ ನೆನಪಿದೆಯಲ್ಲ? ಕೆಳಗೆ ಒಣಮೆಣಸಿನಕಾಯಿಯ ಸಗಟು ಅಂಗಡಿ, ಮೇಲೆ ನಾವು ಆರು ಜನ ಸಾಫ್ಟ್‌ವೇರ್ ಬರೆಯುತ್ತಾ, ಸೀನುತ್ತಾ ಕೂತಿರುತ್ತಿದ್ದೆವು. ನಮ್ಮ ಕೆಲಸದ ಲೆಕ್ಕವೆಲ್ಲ ಎಲ್ಲರೂ ಸೇರಿ ಬಳಸುವ ಒಂದು ವೆಬ್‌ಸೈಟಿನಲ್ಲಿ ಇರುತ್ತಿತ್ತು. ಯಾವುದು ಬಾಕಿ, ಯಾರು ಮಾಡುತ್ತಿದ್ದಾರೆ, ಯಾರು ಪರೀಕ್ಷಿಸಿದರು — ಎಲ್ಲ ಅಲ್ಲೇ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಪರೀಕ್ಷಿಸಿ "ನೋಡಿದೆ, ಸರಿಯಿದೆ" ಎಂದು ಬರೆದ ಮೇಲೆಯೇ ಅದು ಗಿರಾಕಿಯ ಕೈಗೆ ಹೋಗಬೇಕು. ಆದರೆ ಆಫೀಸಿನ ಯಜಮಾನರು ಆರು ಜನಕ್ಕೆ ಮೂರೇ ಖಾತೆ ಮಾಡಿಸಿದ್ದರು. ನನಗೂ ನಿನಗೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್. ಹಾಗಾಗಿ ಬರೆದ ಸಾಲಿನ ಕೊನೆಗೆ ಅವರವರೇ ತಮ್ಮ ಹೆಸರು ಟೈಪು ಮಾಡುವುದು ನಮ್ಮ ಆಫೀಸಿನ ಪದ್ಧತಿಯಾಗಿತ್ತು. ಅಲ್ಲಿ ಹೆಸರಿದ್ದರೆ ಮುಗಿಯಿತು, ಯಾರೂ ಅನುಮಾನಿಸುತ್ತಿರಲಿಲ್ಲ.

ಆ ಡಯಾಲಿಸಿಸ್ ಕೇಂದ್ರದ ಕೆಲಸ. ರಜೆಯ ದಿನ ಬಂದರೆ ರೋಗಿಯ ಸರದಿ ಒಂದು ದಿನ ಮುಂಚೆಗೆ ಹೋಗಬೇಕು, ಅವರ ಮೊಬೈಲಿಗೆ ಸಂದೇಶ ಹೋಗಬೇಕು. ಅದನ್ನು ಪರೀಕ್ಷಿಸಲು ಎತ್ತಿಕೊಂಡವಳು ನಾನು. ಪರದೆಯ ಮೇಲೆ ದಿನಾಂಕ ಬದಲಾದದ್ದನ್ನು ಕಂಡೆ, ಸಂದೇಶವನ್ನು ಕಳಿಸಿ ನೋಡಲಿಲ್ಲ. ನಾದಿನಿಯ ಮನೆಯಲ್ಲಿ ನಾಮಕರಣವಿತ್ತು, ಹೊರಡುವ ಅವಸರ — ಇರಲಿ, ಅದನ್ನು ಹೇಳಿ ಏನು ಪ್ರಯೋಜನ. "ನೋಡಿದೆ, ಸರಿಯಿದೆ — ಗಿರಿಜಾ" ಎಂದು ಬರೆದು ಎದ್ದುಬಿಟ್ಟೆ.

ರಜೆ ಬಂತು. ಸಂದೇಶ ಹೋಗಲಿಲ್ಲ. ಒಬ್ಬ ಹಿರಿಯರು ಎಂದಿನಂತೆ ತಮ್ಮ ದಿನಕ್ಕೆ ಹೋಗಿ, ಮುಚ್ಚಿದ ಬಾಗಿಲು ನೋಡಿ ವಾಪಸಾದರು. ಮೈಯೆಲ್ಲ ನೀರು ತುಂಬಿ, ಉಸಿರಾಡಲಾಗದೆ ಆಸ್ಪತ್ರೆ ಸೇರಿದರು. ಬದುಕಿದರು. ಬದುಕಿದರು ಎಂಬ ಒಂದು ಮಾತನ್ನು ಹಿಡಿದುಕೊಂಡು ನಾನು ಇಷ್ಟು ವರ್ಷ ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ.

ಕೇಂದ್ರದಿಂದ ದೂರು ಬಂದ ಬೆಳಿಗ್ಗೆ ಆಫೀಸಿಗೆ ಮೊದಲು ಬಂದವಳು ನಾನು. ಯಜಮಾನರು ಫೋನಿನಲ್ಲೇ ಕಿರುಚಿದರು: "ಯಾರ್ರೀ ನೋಡಿದ್ದು ಇದನ್ನ? ತೆಗೆದಿಡಿ, ಬಂದೆ ಹತ್ತು ನಿಮಿಷದಲ್ಲಿ." ಆಫೀಸಿನಲ್ಲಿ ನನಗೆ ಹೆಡ್‌ಮೇಡಂ ಎಂಬ ಅಡ್ಡಹೆಸರಿತ್ತು. ಎಲ್ಲರ ತಪ್ಪನ್ನೂ ಹುಡುಕಿ, ಎಲ್ಲರೆದುರು ಜಾಡಿಸುವವಳು. ಆ ಹೆಡ್‌ಮೇಡಂ ಈಗ ತಲೆ ತಗ್ಗಿಸಿ ನಿಲ್ಲುವುದನ್ನು ಉಳಿದವರು ನೋಡುತ್ತಾರೆ — ನನಗೆ ಬೇರೇನೂ ಹೊಳೆಯಲಿಲ್ಲ. ಆ ರೋಗಿಯ ಹೆಸರು ಕೂಡ ಕೇಳಲಿಲ್ಲ. ನನ್ನ ಹೆಸರು ಅಳಿಸಿದೆ. ನಿನ್ನದನ್ನು ಬರೆದೆ. ಅರ್ಧ ನಿಮಿಷವೂ ಆಗಲಿಲ್ಲ.

ನೀನು ಅಲ್ಲಗಳೆಯುತ್ತೀಯ ಎಂದುಕೊಂಡಿದ್ದೆ. ಅಲ್ಲಗಳೆದಿದ್ದರೆ ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ — ಇಲ್ಲ, ಇದೂ ಸುಳ್ಳು. ನಿನ್ನ ಮೇಲೆ ರೇಗುತ್ತಿದ್ದೆ, ಅಷ್ಟೇ. ಆದರೆ ನೀನು ಬಂದು, ಪರದೆಯನ್ನು ಓದಿ, ಮತ್ತೊಮ್ಮೆ ಓದಿ, ನಿಂತಲ್ಲೇ ಬೆವರಿದೆ. ನಿನ್ನ ಮಗುವಿಗೆ ಆಗ ಎಂಟು ತಿಂಗಳು.

"ನಾನೇ ಇರ್ಬೇಕು ಸಾರ್," ಅಂದೆ ನೀನು. "ನೆನಪಾಗ್ತಿಲ್ಲ. ಮಗು ಸರ್ಯಾಗಿ ಮಲಗಕ್ಕೇ ಬುಡಲ್ಲ, ತಲೆ ಎಲ್ಲೋ ಇರುತ್ತೆ... ಮರೆತ್ಬುಟ್ಟಿದೀನಿ."

ಆ ಸಾಲಿನ ಪಕ್ಕದಲ್ಲಿ 'ತಿದ್ದಲಾಗಿದೆ' ಎಂದು ಸೈಟು ಸಣ್ಣಗೆ ತೋರಿಸುತ್ತಿತ್ತು. ಮೊದಲು ಏನಿತ್ತು, ಯಾವಾಗ ತಿದ್ದಿದ್ದು ಎಂಬುದನ್ನು ತೋರಿಸುತ್ತಿರಲಿಲ್ಲ. ಯಜಮಾನರು ಅದನ್ನೇ ಹಿಡಿದರು. "ಏನು ತಿದ್ದಿದ್ರಮ್ಮ ಇಲ್ಲಿ?" ಅಂದರು. "ಅದೂ ನೆನಪಿಲ್ಲ ಸಾರ್," ಅಂದೆ ನೀನು. ತಪ್ಪನ್ನು ಅವರು ಕ್ಷಮಿಸುತ್ತಿದ್ದರು, ಮಂಜುಳಾ. ಏನೋ ಮುಚ್ಚಿಡುತ್ತಿದ್ದೀಯ ಎಂದುಕೊಂಡು ನಾಳೆಯಿಂದ ಬರಬೇಡಿ ಎಂದರು. ನಾನು ನಿನ್ನ ಬ್ಯಾಗು ಹಿಡಿದುಕೊಂಡು ಮೆಟ್ಟಿಲಿಳಿಸಿ, ನಿಮ್ಮೂರು ಇಲವಾಲದ ಬಸ್ಸು ಹತ್ತಿಸಿ ಬಂದೆ. ನೀನು ನನ್ನ ಕೈ ಹಿಡಿದು ಥ್ಯಾಂಕ್ಸ್ ಅಂದೆ. ನಿನ್ನ ಜಾಗಕ್ಕೆ ಬಂದವರಿಗೆ ಪರೀಕ್ಷೆ ಮಾಡುವುದು ಹೇಗೆಂದು ಕಲಿಸಿದವಳೂ ನಾನೇ.

ಇಷ್ಟೇ ಆಗಿದ್ದರೆ ಬಹುಶಃ ಈಗಲೂ ಬಾಯಿ ಬಿಡುತ್ತಿರಲಿಲ್ಲ. ಮೊನ್ನೆ ಲಷ್ಕರ್ ಮೊಹಲ್ಲಾದಲ್ಲಿ ಮಗಳ ಸಮವಸ್ತ್ರದ ಬಟ್ಟೆ ಕೊಳ್ಳುತ್ತಾ ಸಿಕ್ಕೆಯಲ್ಲ, ಅಂಗಡಿಯವನು ಸುತ್ತಿಕೊಟ್ಟ ಪೊಟ್ಟಣವನ್ನು ನೀನು ಎರಡು ಸಲ ಬಿಚ್ಚಿಸಿ ಅಳತೆ ನೋಡಿಸಿದೆ. ಅವನು ಗೊಣಗಿದ. ನೀನು ನಕ್ಕು ನನಗೆ ಹೇಳಿದೆ: "ನಂಗೆ ನನ್ ಮೇಲೇ ನಂಬ್ಕೆ ಇಲ್ಲ ಕಣೇ. ಗ್ಯಾಸ್ ಆರ್ಸಿದೀನೋ ಇಲ್ವೋ ಅಂತ ಅರ್ಧ ದಾರಿಯಿಂದ ವಾಪಸ್ ಹೋಗ್ತೀನಿ. ಡಾಕ್ಟ್ರಿಗೂ ತೋರಿಸ್ದೆ, ಏನೂ ಇಲ್ಲ ಅಂತಾರೆ. ಅವತ್ತಿನಿಂದ ಹಿಂಗೇ." ಆಮೇಲೆ ಹುಣಸೂರು ರಸ್ತೆಯ ಹೊಸ ಕಂಪನಿಯೊಂದು ಕೆಲಸಕ್ಕೆ ಕರೆದಿರುವುದನ್ನು ಹೇಳಿದೆ. ಸೋಮವಾರದೊಳಗೆ ತಿಳಿಸಬೇಕಂತೆ. "ನೀನೇ ಹೇಳೇ ಗಿರಿಜಾ, ನೀನು ನನ್ ಕೆಲ್ಸ ನೋಡಿದೀಯ. ಹೋಗ್ಲಾ?"

ನಾನು ಹೇಳಿದ್ದು ನಿನಗೆ ನೆನಪಿರುತ್ತದೆ. "ಯಾಕೆ ಬೇಕು ಬುಡು ಕಣೇ. ಮತ್ತೆ ಏನಾದ್ರೂ ಆದ್ರೆ?"

ಯಾಕೆ ಹಾಗೆಂದೆ? ನೀನು ಮತ್ತೆ ಈ ಕೆಲಸಕ್ಕೆ ಬಂದು, ಮತ್ತೆ ಚೆನ್ನಾಗಿ ಮಾಡಿ, ಒಂದು ದಿನ "ಅಲ್ಲ, ಅವತ್ತು ನಾನ್ ಹೆಂಗೆ ಮರೆತಿರ್ತೀನಿ?" ಎಂದು ಲೆಕ್ಕ ಹಾಕುತ್ತೀಯಲ್ಲ, ಆ ದಿನದ ಹೆದರಿಕೆ. ನೀನು ತಲೆಯಾಡಿಸಿ, "ನೀನು ಹೇಳೋದೂ ಸರಿ," ಎಂದು ಪೊಟ್ಟಣ ತೆಗೆದುಕೊಂಡು ಹೋದೆ. ಮೊದಲನೆಯದನ್ನು ಗಾಬರಿಯಲ್ಲಿ ಮಾಡಿದೆ ಎಂದಾದರೂ ಅನ್ನಬಹುದು. ಇದನ್ನು ನಿನ್ನ ಮುಖ ನೋಡಿಕೊಂಡು, ನಗುತ್ತಾ ಮಾಡಿದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಇವತ್ತು ಭಾನುವಾರ. ಬೆಳಿಗ್ಗೆ ಯಜಮಾನರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಆಯಮ್ಮನಿಗೆ ಹೇಳಿದ್ರಾ?" ಅಂದರು. ಇಲ್ಲ ಅಂದೆ. "ಮೊದ್ಲು ಅಲ್ಲಿಗೆ ಹೋಗಿ," ಎಂದು ಫೋನ್ ಇಟ್ಟರು. ನಾಳೆಯಿಂದ ನನಗೆ ಅಲ್ಲಿ ಕೆಲಸವಿದೆಯೋ ಇಲ್ಲವೋ, ಕೇಳಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಇಲವಾಲಕ್ಕೆ ಬರುತ್ತಿದ್ದೇನೆ. ಎದುರು ನಿಂತರೆ ಮತ್ತೆ ಸುಳ್ಳು ಹೇಳಿಬಿಟ್ಟೇನು ಎಂದು ಇದನ್ನು ಬರೆದು ತರುತ್ತಿದ್ದೇನೆ. ನಿನ್ನ ಗಂಡನೆದುರೇ ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಬೈಯಿ, ಬಾಗಿಲು ಹಾಕಿಕೋ, ಇನ್ನೆಂದೂ ನನ್ನ ಮುಖ ನೋಡಬೇಡ. ಆದರೆ ನಾಳೆ ಆ ಕಂಪನಿಯವರಿಗೆ ಬರುತ್ತೇನೆಂದು ಹೇಳು. ನೀನು ಏನನ್ನೂ ಮರೆತಿರಲಿಲ್ಲ, ಮಂಜುಳಾ. ನೆನಪಿಡುವಂಥದ್ದು ಏನೂ ನಿನ್ನ ಕೈಯಿಂದ ನಡೆದೇ ಇರಲಿಲ್ಲ.