ಬರಿಗೈಯ ಜಿಡ್ಡು

ಪ್ರಯೋಗಾಲಯದಲ್ಲಿ ಕಲ್ಲಿನ ಬಿಲ್ಲೆಗಳನ್ನು ಉಜ್ಜಿ ನುಣುಪು ಮಾಡುವ ಆಕೆ ಎಲ್ಲರ ಬಾಯಲ್ಲಿ ಕಲ್ಲಕ್ಕ. ಆ ಬಿಲ್ಲೆಯನ್ನು ಉಪ್ಪುನೀರಿನಲ್ಲಿ ಮುಳುಗಿಸಿ, ಮೇಲೆ ಅನಿಲದ ಗುಳ್ಳೆ ಬಿಟ್ಟು ಪರೀಕ್ಷಿಸುತ್ತಾರೆ. ಶುಭ್ರವಾದ ಕಲ್ಲನ್ನು ಉಪ್ಪುನೀರು ಅಪ್ಪಿಕೊಂಡು ಇಂಗಾಲದ ಡೈಆಕ್ಸೈಡನ್ನು ಆಚೆ ತಳ್ಳುತ್ತದೆ. ಬೆರಳಿನ ಜಿಡ್ಡು ತಾಗಿತೋ, ಗುಳ್ಳೆ ಜಿಗಣೆಯಂತೆ ಕಚ್ಚಿಕೊಂಡು ಪರೀಕ್ಷೆ ಕೆಡುತ್ತದೆ. ಹಾಗಾಗಿ ಅಲ್ಲಿ ಕೈಗವಸಿಲ್ಲದೆ ಕಲ್ಲು ಮುಟ್ಟುವಂತಿಲ್ಲ.

ಅಂದು ಬೆಳಿಗ್ಗೆ, ಈಚೆಗಷ್ಟೇ ಗಂಡನನ್ನು ಕಳೆದುಕೊಂಡು ಅಲ್ಲಿಗೇ ಹೊಸದಾಗಿ ಕೆಲಸಕ್ಕೆ ಸೇರಿದ್ದ ಅವಳ ತಂಗಿ ಬಿಕ್ಕಿದಳು. ಕಲ್ಲಕ್ಕ ಗವಸು ಕಳಚಿ ಅವಳ ಕಣ್ಣೊರೆಸಿದಳು. ಮರೆತು, ಅದೇ ಬರಿಗೈಯಲ್ಲಿ ಬಿಲ್ಲೆ ಎತ್ತಿಟ್ಟಳು.

ಮಧ್ಯಾಹ್ನದ ಪರೀಕ್ಷೆಯಲ್ಲಿ ಆ ಬಿಲ್ಲೆಗೆ ಗುಳ್ಳೆ ಕಚ್ಚಿಕೊಂಡಿತು. “ಯಾರ ಕೈ ಇದು?” ಸಾಹೇಬರು ಕೆಂಡವಾದರು.

“ನನ್ನ ತಂಗೀದು ಸಾರ್.” ಕಲ್ಲಕ್ಕನ ನಾಲಿಗೆ ತಡವರಿಸಲೂ ಇಲ್ಲ.

ಸಂಜೆಯೊಳಗೆ ತಂಗಿಯ ಕೆಲಸ ಹೋಯಿತು. ಅವಳು ಜಗಳವಾಡಲಿಲ್ಲ, ತನ್ನ ಗವಸುಗಳನ್ನು ಕಳಚಿ ಅಕ್ಕನ ಕೈಗಿಟ್ಟಳು.

“ಇಟ್ಕೋ ಅಕ್ಕ. ಇನ್ಮೇಲೆ ಯಾರ ಕಣ್ಣೊರೆಸೋಕೆ ಹೋದ್ರೂ ಇದನ್ನ ಹಾಕ್ಕೊಂಡೇ ಒರೆಸು.”